ಬಿಸಿಲೇ ಮಳೆ ತರುವುದಾದರೆ ಬಿಜಾಪುರ ಎಂದೋ ಮುಳುಗಬೇಕಿತ್ತು

(ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಅವರನ್ನು ನೆನೆದು 2025ರ ಆಗಸ್ಟ್ ಕೊನೆಗೆ ವಿಜಯಪುರದಲ್ಲಿ ಆಡಿದ ಮಾತು. ಹೇಳಿದ್ದನ್ನೇ ಬರೆದಿದ್ದೇನೆ. ನನ್ನ ತೊದಲು, ಕೆಮ್ಮು ಮಾತ್ರ ತೆಗೆದಿದ್ದೇನೆ.)

ಎಲ್ಲರಿಗೂ ಶರಣು ಶರಣಾರ್ಥಿ.

ಮೊದಲೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. 31 ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದೆ. ಪ್ರತಿ ಜೂನ್‌ನಲ್ಲೂ ಬೋರ್ಡಿನ ಮೇಲೆ ಅದೇ ಚಿತ್ರ. ಎಡಕ್ಕೆ ಸಮುದ್ರ, ಬಲಕ್ಕೆ ನೆಲ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನಕ್ಕೆ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಸಮುದ್ರದ ಹಸಿಗಾಳಿ ನುಗ್ಗುತ್ತದೆ. ಅದೇ ಮುಂಗಾರು. ನಾಲ್ಕು ಮಾರ್ಕಿನ ಪ್ರಶ್ನೆ, ಅದರಲ್ಲಿ ಚಿತ್ರಕ್ಕೊಂದು ಮಾರ್ಕು.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಅಕ್ಕೋರೇ, ಹಂಗಾದ್ರ ಮೇ ತಿಂಗಳದಾಗ ಮಳಿ ಯಾಕ ಬರಂಗಿಲ್ರಿ? ನೆಲ ಭಾಳ ಕಾಯೂದು ಆವಾಗ ಅಲ್ರೀ?"

ನಾನು ಏನು ಹೇಳಿದೆ ಗೊತ್ತಾ? "ಪುಸ್ತಕದಾಗ ಇದ್ದಷ್ಟು ಬರಿ. ಕುಂದರು."

ಅವನು ಕೂತ. ನಾನು ಪಾಠ ಮುಂದುವರಿಸಿದೆ. ನಿವೃತ್ತಿಯಾದ ಮೇಲೆ ಪುರುಸೊತ್ತಿನಲ್ಲಿ ಓದುತ್ತಾ ಕೂತಾಗ ಗೊತ್ತಾಯಿತು, ಆ ಹುಡುಗನ ಪ್ರಶ್ನೆಯನ್ನು 1921ರಲ್ಲೇ ಜಾರ್ಜ್ ಸಿಂಪ್ಸನ್ ಎಂಬ ಹವಾಮಾನ ತಜ್ಞ ಕೇಳಿದ್ದ. ನೆಲದ ಬಿಸಿಯೇ ಮುಂಗಾರನ್ನು ಎಳೆದು ತರುವುದಾದರೆ ಮೇನಲ್ಲಿ ಮಳೆ ಬರಬೇಕು, ಬರುವುದು ಜೂನ್ ಜುಲೈನಲ್ಲಿ. ಬರಗಾಲದ ವರ್ಷ ನೆಲ ಇನ್ನೂ ಜಾಸ್ತಿ ಕಾದಿರುತ್ತದೆ, ಆಗ ಮಳೆಯೂ ಜಾಸ್ತಿ ಆಗಬೇಕಲ್ಲ? ಆಗುವುದಿಲ್ಲ. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಗೋಳಗುಮ್ಮಟದ ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು ನಿಂತವರಿಗೆ ಗೊತ್ತು. ಬಿಸಿಲೇ ಮಳೆ ತರುವುದಾದರೆ ಬಿಜಾಪುರ ಎಂದೋ ಮುಳುಗಿ ಹೋಗಬೇಕಿತ್ತು.

(ಇಲ್ಲಿ ಒಬ್ಬರು, "ಈ ವರ್ಷ ಮೇದಾಗs ಬಂತಲ್ರೀ ಮಳಿ" ಎಂದರು. ನಿಜ, ಈ ವರ್ಷ ಕೇರಳಕ್ಕೆ ಮೇ 24ಕ್ಕೇ ಮುಂಗಾರು ಮುಟ್ಟಿತು. ಆದರೆ ಈ ಸಲದ ಮೇ ತಿಂಗಳು ಬೇರೆ ವರ್ಷಕ್ಕಿಂತ ಜಾಸ್ತಿ ಸುಟ್ಟಿತ್ತಾ ಎಂದು ಕೇಳಿದೆ. "ಇಲ್ಲ ಬಿಡ್ರಿ, ತಂಪಿತ್ತು" ಎಂದು ಅವರೇ ಕೂತರು.)

ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಕಥೆ ಎಡ್ಮಂಡ್ ಹ್ಯಾಲಿಯದು. ಧೂಮಕೇತುವಿನ ಹ್ಯಾಲಿಯೇ. 1686ರಲ್ಲಿ ಬರೆದದ್ದು. ಸಂಜೆಯ ಕಡಲ ಗಾಳಿಯನ್ನೇ ದೊಡ್ಡದು ಮಾಡಿದರೆ ಮುಂಗಾರು ಎಂಬ ಲೆಕ್ಕ. ಮುನ್ನೂರು ಚಿಲ್ಲರೆ ವರ್ಷವಾದರೂ ಆ ಕಥೆ ಪಠ್ಯಪುಸ್ತಕದಿಂದ ಕದಲಿಲ್ಲ. ಅದನ್ನು ಕದಲಿಸಲು ಹಟ ಹಿಡಿದವರು ಸುಲೋಚನಾ ಗಾಡ್ಗೀಳ್. ಹೋದ ತಿಂಗಳು, ಜುಲೈನಲ್ಲಿ, 81ನೇ ವಯಸ್ಸಿಗೆ ತೀರಿಕೊಂಡರು.

ಗಾಡ್ಗೀಳ್ ಅಂದ ಕೂಡಲೇ ನಮಗೆ ಪಶ್ಚಿಮ ಘಟ್ಟದ ವರದಿ ನೆನಪಾಗುತ್ತದೆ. ಅದು 2011ರದು, ಮಾಧವ ಗಾಡ್ಗೀಳರದು. ಅವರು ಈಕೆಯ ಗಂಡ. ಹೆಂಡತಿಯ ಹೆಸರು ನಮ್ಮ ಪತ್ರಿಕೆಗಳಲ್ಲಿ ಅಷ್ಟಾಗಿ ಬರಲಿಲ್ಲ. ಮಳೆ ನಂಬಿ ಬದುಕುವ ನಾವು ಹೆಚ್ಚು ತಿಳಿಯಬೇಕಿದ್ದದ್ದು ಈಕೆಯನ್ನೇ ಎಂದು ನನಗನ್ನಿಸುತ್ತದೆ.

1944ರಲ್ಲಿ ಪುಣೆಯಲ್ಲಿ ಹುಟ್ಟಿದ್ದು. ಸ್ವಲ್ಪ ಕಾಲ ರಿಷಿವ್ಯಾಲಿ ಶಾಲೆ, ಆಮೇಲೆ ಫರ್ಗ್ಯುಸನ್ ಕಾಲೇಜು, ಗಣಿತ. ಅಲ್ಲಿಂದ ಗಂಡ ಹೆಂಡತಿ ಇಬ್ಬರೂ ಹಾರ್ವರ್ಡ್‌ಗೆ. 1970ಕ್ಕೆ ಡಾಕ್ಟರೇಟ್. ವಿಷಯ ಮುಂಗಾರಲ್ಲ, ಮಳೆಯೂ ಅಲ್ಲ. ಅಮೆರಿಕದ ಪೂರ್ವಕ್ಕೆ ಸಮುದ್ರದೊಳಗೇ ಹರಿಯುವ ಗಲ್ಫ್ ಸ್ಟ್ರೀಮ್ ಎಂಬ ದೊಡ್ಡ ಪ್ರವಾಹ ಹೇಗೆ ಹಾವಿನಂತೆ ಬಳುಕುತ್ತದೆ ಎಂಬ ಗಣಿತ. ಆಮೇಲೆ ಅಮೆರಿಕದಲ್ಲೇ, ಎಂಐಟಿ ಎಂಬ ವಿಶ್ವವಿದ್ಯಾಲಯದಲ್ಲಿ ಜೂಲ್ ಚಾರ್ನಿ ಜೊತೆ ಕೆಲಸ. ಚಾರ್ನಿ ಅಂದರೆ ಕಂಪ್ಯೂಟರಿನಲ್ಲಿ ಹವೆಯ ಲೆಕ್ಕ ಹಾಕುವುದನ್ನು ಶುರು ಮಾಡಿದವರಲ್ಲಿ ಒಬ್ಬರು. ಅಲ್ಲೇ ಉಳಿದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. 1971ಕ್ಕೆ ವಾಪಸ್ ಬಂದರು, ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಗೆ.

ಮರುವರ್ಷವೇ 1972.

ಈ ಸಭೆಯಲ್ಲಿ ಬಿಳಿ ಕೂದಲಿನವರು ಜಾಸ್ತಿ ಇದ್ದೀರಿ, ಎಪ್ಪತ್ತೆರಡರ ಬರ ಎಂದರೆ ಸಾಕು. ನಮ್ಮವ್ವ ಬರಗಾಲದ ಕಾಮಗಾರಿಗೆ ಹೋಗಿ ರಸ್ತೆಗೆ ಕಲ್ಲು ಒಡೆದವಳು. ರೇಷನ್ನಿನಲ್ಲಿ ಹೊರದೇಶದ ಕೆಂಪು ಜೋಳ ಬಂತಂತೆ. ಅದರ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ, ಬಡಿದಂತೆಲ್ಲಾ ಬಿರಿಯುತ್ತಿತ್ತು ಎಂದು ಕೊನೆಯವರೆಗೂ ಹೇಳುತ್ತಿದ್ದಳು. ಈ ಸೀಮೆಗೆ ಬರ ಹೊಸದಲ್ಲ. 1876–78ರ ಬರದಲ್ಲಿ, ಆಗ ನಮ್ಮದು ಕಲಾದಗಿ ಜಿಲ್ಲೆ, ಊರೂರೇ ಖಾಲಿಯಾದವು. ಮಳೆ ಮೊದಲೇ ಹೇಳಬೇಕು ಎಂಬ ಹುಡುಕಾಟ ಬ್ರಿಟಿಷರಿಗೆ ಜೋರಾಗಿದ್ದು ಆ ಬರದಿಂದಲೇ. ಮುಂದೆ 1904ಕ್ಕೆ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ ಬಂದ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞ ಲೋಕದ ಮೂಲೆಮೂಲೆಯ ಅಂಕಿ ತರಿಸಿ, ಪೆಸಿಫಿಕ್ ಸಾಗರದ ಆಚೀಚೆ ಗಾಳಿಯ ಒತ್ತಡ ತೂಗಾಡುವುದಕ್ಕೂ ನಮ್ಮ ಮಳೆಗೂ ನಂಟಿದೆ ಎಂದು ಕಂಡ. ಆ ದಾರಿ, ಪೆಸಿಫಿಕ್‌ನ ನೀರು ಬಿಸಿಯಾಗುವ ಎಲ್ ನಿನೊವರೆಗೆ ಹೋಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಗಾಡ್ಗೀಳ್ 1973ಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ನಮ್ಮ ಬಾಯಿಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಸತೀಶ್ ಧವನ್ ಆಗ ಅದರ ನಿರ್ದೇಶಕರು. ಹವಾಮಾನಕ್ಕೆ ಅಂತಲೇ ಒಂದು ಕೇಂದ್ರ ಅಲ್ಲಿ ಕಟ್ಟಿದವರಲ್ಲಿ ಈಕೆ ಒಬ್ಬರು.

ಈಗ ಅವರ ಮುಖ್ಯ ಕೆಲಸ. ಇದನ್ನು ಮಾತಿನಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ ಎಂದು ಸಭೆಗೆ ಒಂದು ನಕ್ಷೆ, ಒಂದಿಷ್ಟು ಹತ್ತಿ ಒಯ್ದಿದ್ದೆ. ಹತ್ತಿಯನ್ನು ದೇವರ ಬತ್ತಿಯ ಹಾಗೆ ಉದ್ದಕ್ಕೆ ಹೊಸೆದು ನಕ್ಷೆಯ ಮೇಲಿಟ್ಟೆ. ಇದು ಮೋಡ ಅಂದುಕೊಳ್ಳಿ.

ಭೂಮಧ್ಯರೇಖೆಯ ಹತ್ತಿರ ಲೋಕದ ಸುತ್ತಲೂ ಒಂದು ಮೋಡದ ಪಟ್ಟಿ ಇರುತ್ತದೆ. ಉತ್ತರದ ಗಾಳಿ, ದಕ್ಷಿಣದ ಗಾಳಿ ಅಲ್ಲಿ ಕೂಡಿ ಮೇಲೇರುತ್ತವೆ. ವಿಜ್ಞಾನಿಗಳು ಅದನ್ನು ಐಟಿಸಿಝಡ್ ಎನ್ನುತ್ತಾರೆ. ನಾವು ಮೋಡದ ಪಟ್ಟಿ ಎನ್ನೋಣ. ಸಮುದ್ರದ ಮೇಲೆ ಈ ಪಟ್ಟಿ ಇರುವುದು ಎಲ್ಲರಿಗೂ ಗೊತ್ತಿತ್ತು. ಮುಂಗಾರಿನ ಮೋಡ ಬೇರೆ ಜಾತಿಯದು, ಅದು ಬಿಸಿ ನೆಲದಿಂದ ಹುಟ್ಟಿದ್ದು ಎಂದು ಹೆಚ್ಚಿನವರ ನಂಬಿಕೆ.

ಗಾಡ್ಗೀಳ್ ಮತ್ತು ಹವಾಮಾನ ವಿಜ್ಞಾನಿ ಡಿ.ಆರ್. ಸಿಕ್ಕಾ ಮಾಡಿದ್ದು ಇಷ್ಟು. 1973ರಿಂದ 1977ರವರೆಗೆ, ಏಪ್ರಿಲ್‌ನಿಂದ ಅಕ್ಟೋಬರ್ ತನಕ, ಉಪಗ್ರಹದ ಚಿತ್ರಗಳನ್ನು ದಿನ ದಿನ ನೋಡಿದರು. ಆಗ ಉಪಗ್ರಹದ ಚಿತ್ರ ಅಂದರೆ ಹೊಸ ಸಂಗತಿ. ಒಂದೊಂದು ದಿನದ ಚಿತ್ರದಲ್ಲೂ ಭಾರತದ ರೇಖಾಂಶದಲ್ಲಿ ಮೋಡ ದಟ್ಟವಾಗಿರುವ ಪಟ್ಟಿ ಯಾವ ಅಕ್ಷಾಂಶದ ಮೇಲಿದೆ ಎಂದು ಗುರುತು. ನಾಳೆಯದು, ನಾಡಿದ್ದಿನದು. ಐದು ಹಂಗಾಮಿನ ಚಿತ್ರಗಳು. ಹೊಸ ಯಂತ್ರ ಬೇಕಿರಲಿಲ್ಲ, ತಾಳ್ಮೆ ಬೇಕಿತ್ತು. ಸುಮ್ನೆ ಹೇಳುತ್ತಿಲ್ಲ, ಒಂದು ತರಗತಿಯ ಹಾಜರಿ ಪುಸ್ತಕ ಐದು ವರ್ಷ ತಪ್ಪದೆ ಬರೆದವರಿಗೆ ಆ ತಾಳ್ಮೆಯ ಬೆಲೆ ಗೊತ್ತು.

ಕಂಡದ್ದೇನು? ಪಟ್ಟಿ ಒಂದೇ ಕಡೆ ನಿಲ್ಲುವುದಿಲ್ಲ. ಸಮುದ್ರದ ಮೇಲೆ, ಭೂಮಧ್ಯರೇಖೆಯ ಬಳಿ ಹುಟ್ಟುತ್ತದೆ. ನಿಧಾನಕ್ಕೆ ಉತ್ತರಕ್ಕೆ ತೆವಳಿ ನೆಲ ಏರುತ್ತದೆ. (ಇಲ್ಲಿ ಹತ್ತಿಯ ಬತ್ತಿಯನ್ನು ಕೇರಳದಿಂದ ಮೇಲೆ ತಳ್ಳಿದೆ. ಫ್ಯಾನಿನ ಗಾಳಿಗೆ ಅದು ಪಾಕಿಸ್ತಾನಕ್ಕೆ ಹೋಯಿತು. ಫ್ಯಾನ್ ಆರಿಸಿದರು.) ನೆಲದ ಮೇಲಿನ ಪಟ್ಟಿ ಕೆಲವು ದಿನ ನಿಂತು ಸೊರಗುತ್ತದೆ. ಅಷ್ಟರಲ್ಲಿ ಸಮುದ್ರದ ಮೇಲೆ ಇನ್ನೊಂದು ಪಟ್ಟಿ ತಯಾರು. ಅದು ಉತ್ತರಕ್ಕೆ ಏರಿ ಬಂದು ಸೊರಗಿದ್ದಕ್ಕೆ ಜೀವ ತುಂಬುತ್ತದೆ. ಎರಡರಿಂದ ಆರು ವಾರಕ್ಕೊಮ್ಮೆ ಹೀಗೆ. ಹೊಸದು ಬರುವುದು ತಡವಾದರೆ ನಮ್ಮ ಹೊಲದಲ್ಲಿ ಮಳೆ ಕಟ್ಟಿತು, ಅಂದರೆ ನಿಂತಿತು, ಎಂದು ಅರ್ಥ.

ಈ ಪ್ರಬಂಧ 1980ರಲ್ಲಿ ಬಂತು. ಅದರ ಸಾರ ಇಷ್ಟೇ: ಮುಂಗಾರು ಅಂದರೆ ಆ ಸಮುದ್ರದ ಪಟ್ಟಿಯೇ, ಮಳೆಗಾಲದಲ್ಲಿ ನಮ್ಮ ನೆಲದ ಮೇಲೆ ವಲಸೆ ಬಂದದ್ದು. ಬೇರೆ ಜಾತಿಯದಲ್ಲ. ಹಾಗಂತ ನೆಲದ ಬಿಸಿಗೆ ಕೆಲಸವೇ ಇಲ್ಲ ಅಂತಲ್ಲ. ಸೂರ್ಯ ಉತ್ತರಕ್ಕೆ ಬಂದು ನೆಲ ಕಾಯದಿದ್ದರೆ ಪಟ್ಟಿ ಇಷ್ಟು ಮೇಲೆ ಬರುವುದಿಲ್ಲ. ಆದರೆ ಬಂದ ಮೇಲೆ ಅದನ್ನು ನಡೆಸುವುದು ಮೋಡದೊಳಗಿನ ಶಕ್ತಿ. ಆವಿ ನೀರಾಗುವಾಗ ಬಿಡುವ ಬಿಸಿ.

ನನ್ನದೊಂದು ಸಣ್ಣ ಲೆಕ್ಕ ಸೇರಿಸುತ್ತೇನೆ, ಇದು ಅವರ ಪ್ರಬಂಧದ ಮಾತಲ್ಲ. ವಿಜಯಪುರ ಇರುವುದು ಸುಮಾರು 17 ಡಿಗ್ರಿ ಉತ್ತರದಲ್ಲಿ. ಜುಲೈ ಆಗಸ್ಟ್‌ನಲ್ಲಿ ಪಟ್ಟಿ ನಮ್ಮನ್ನು ದಾಟಿ ಗಂಗೆಯ ಬಯಲಿನ ಕಡೆ ಕೂತಿರುತ್ತದೆ. ಪಡುವಣ ಗಾಳಿ ತನ್ನ ನೀರನ್ನೆಲ್ಲಾ ಘಟ್ಟದ ಮೇಲೆ ಸುರಿದು ನಮಗೆ ಬರೀ ಗಾಳಿ ಕಳಿಸುತ್ತದೆ. ಘಟ್ಟದ ಕಡೆಯ ಖಾನಾಪುರದಲ್ಲಿ ಕೊಡೆ ಮುಚ್ಚದ ದಿನಗಳಲ್ಲಿ ನಮ್ಮ ಜಿಲ್ಲೆಯ ಇಂಡಿಯಲ್ಲಿ ಧೂಳು. ಸೆಪ್ಟೆಂಬರ್‌ನಲ್ಲಿ ಪಟ್ಟಿ ವಾಪಸ್ ಇಳಿಯುವಾಗ ನಮ್ಮ ಸರದಿ. ಇಡೀ ವರ್ಷದ 600 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಜಾಸ್ತಿ ಬೀಳುವುದು ಸೆಪ್ಟೆಂಬರ್‌ನಲ್ಲೇ. ಹುಬ್ಬಿ, ಉತ್ತರಿ ಮಳೆಗೆ ಎರಿ ಭೂಮಿ ನೆನೆದರೆ ಹಿಂಗಾರಿ ಜೋಳ. ಡೋಣಿ ನಮ್ಮ ಸೀಮೆಯ ಹೊಳೆ; ಡೋಣಿ ಹರಿದರೆ ಓಣಿಯೆಲ್ಲಾ ಜೋಳ ಎಂಬ ಮಾತಿನ ಹಿಂದೆ ಆ ಬತ್ತಿಯ ಓಡಾಟವಿದೆ.

ಅಲ್ಲಿಂದ ಅವರ ಕೆಲಸ ಸಮುದ್ರಕ್ಕೆ ತಿರುಗಿತು. ಪಟ್ಟಿ ಹುಟ್ಟುವುದೇ ಅಲ್ಲಿ ಅಂದ ಮೇಲೆ ಅಲ್ಲೇ ನೋಡಬೇಕಲ್ಲ. 1984ರಲ್ಲಿ ಪಿ.ವಿ. ಜೋಸೆಫ್, ಎನ್.ವಿ. ಜೋಶಿ ಜೊತೆ ನೇಚರ್ ಪತ್ರಿಕೆಯಲ್ಲಿ ಒಂದು ಚಿಕ್ಕ ಪ್ರಬಂಧ. ಸಮುದ್ರದ ನೀರು ಸುಮಾರು 28 ಡಿಗ್ರಿ ಮುಟ್ಟುವತನಕ ಮೇಲೆ ದೊಡ್ಡ ಮೋಡ ಕಟ್ಟುವುದಿಲ್ಲ. 28 ದಾಟಿತೋ, ಕಟ್ಟಬಹುದು. ಆದರೆ ದಾಟಿದ ಮೇಲೆ ಇನ್ನೂ ಬಿಸಿಯಾದಷ್ಟೂ ಇನ್ನೂ ಮೋಡ ಅಂತಿಲ್ಲ. ಎಣ್ಣೆ ಕಾಯುವವರೆಗೆ ಬಜಿ ಬಿಡಬಾರದು, ಕಾದ ಮೇಲೆ ಇನ್ನೂ ಕಾಯಿಸಿದರೆ ಬಜಿಯೇನೂ ಎರಡಾಗುವುದಿಲ್ಲ ಅಲ್ವಾ, ಹಾಗೆ. ಮೂರು ಪುಟದ ಈ ಬರಹದ ಮಾತು ಇವತ್ತಿಗೂ ಉಷ್ಣವಲಯದ ಮಳೆಯ ಬಗ್ಗೆ ಬರೆಯುವವರ ಬಾಯಲ್ಲಿದೆ. ಮುಂದೆ 1999ರಲ್ಲಿ ಬಂಗಾಳ ಕೊಲ್ಲಿಯ ನಡುವೆಯೇ ಹಡಗು ನಿಲ್ಲಿಸಿ ಗಾಳಿ, ನೀರು, ಮೋಡ ಅಳೆಯುವ ಬಾಬ್‌ಮೆಕ್ಸ್ ಎಂಬ ಪ್ರಯೋಗ ನಡೆಯಿತು. ಸಾಗರ ಕನ್ಯಾ ಹಡಗು ಅದರಲ್ಲಿತ್ತು. ಅದಕ್ಕೆ ದಾರಿ ಹಾಕಿದವರಲ್ಲೂ ಈಕೆ ಇದ್ದರು.

ಎಲ್ ನಿನೊಗೆ ಬರುತ್ತೇನೆ ಎಂದಿದ್ದೆ. ಪೆಸಿಫಿಕ್ ಕಾದರೆ ನಮಗೆ ಬರ ಎಂದು ಈಗ ಟಿವಿಯಲ್ಲೂ ಹೇಳುತ್ತಾರೆ. 1997ರಲ್ಲಿ ಆ ಶತಮಾನದ ಅತಿ ದೊಡ್ಡ ಎಲ್ ನಿನೊಗಳಲ್ಲೊಂದು ಬಂತು. ಎಲ್ಲರೂ ಕೈ ತಲೆಯ ಮೇಲಿಟ್ಟುಕೊಂಡರು. ದೇಶದಲ್ಲಿ ಮಳೆ ಸರಾಸರಿಗಿಂತ ಚೂರು ಜಾಸ್ತಿಯೇ ಆಯಿತು! 2002ರಲ್ಲಿ ಅದಕ್ಕಿಂತ ಮೆತ್ತನೆಯ ಎಲ್ ನಿನೊ. ಸಾಧಾರಣ ಮಳೆ ಎಂದು ಮುನ್ಸೂಚನೆ. ಜುಲೈ ತಿಂಗಳ ಮಳೆ ಸುಮಾರು ಅರ್ಧಕ್ಕರ್ಧ ಕೈಕೊಟ್ಟಿತು, ಹಂಗಾಮಿನ ಲೆಕ್ಕದಲ್ಲಿ ಶೇ 19 ಕೊರತೆ. ಆ ವರ್ಷ ನನ್ನ ತಮ್ಮನ ಹೊಲದ ಹೆಸರುಕಾಳಿನ ಬೆಳೆ ಹೂವಿಗೇ ಬಾಡಿತು. ಅವನು ಆಕಾಶಕ್ಕೆ ಬೈಯಲಿಲ್ಲ, ರೇಡಿಯೊ ಎತ್ತಿ ಅಟ್ಟದ ಮೇಲಿಟ್ಟ.

ಗಾಡ್ಗೀಳ್ ಆಗ ಬೇರೆ ಕಡೆ ನೋಡಿದರು. ದೂರದ ಪೆಸಿಫಿಕ್ ಇರಲಿ, ನಮ್ಮ ಹಿಂದೂ ಮಹಾಸಾಗರದಲ್ಲೇ ಏನಾಗುತ್ತಿದೆ? ಪಿ.ಎನ್. ವಿನಯಚಂದ್ರನ್, ಪಿ.ಎ. ಫ್ರಾನ್ಸಿಸ್, ಮಗ ಸಿದ್ಧಾರ್ಥ ಗಾಡ್ಗೀಳ್ ಜೊತೆ 2004ರಲ್ಲಿ ಬರೆದದ್ದರಲ್ಲಿ ಒಂದು ತಕ್ಕಡಿ ಸಿಗುತ್ತದೆ. ಭೂಮಧ್ಯರೇಖೆಯ ಮೇಲೆ ಒಂದು ತಟ್ಟೆ ಆಫ್ರಿಕಾ ಕಡೆ, ಇನ್ನೊಂದು ಸುಮಾತ್ರಾ ಕಡೆ. ಮೋಡ ಆಫ್ರಿಕಾ ಕಡೆ ತೂಗಿದರೆ ನಮಗೆ ಒಳ್ಳೇದು, ಸುಮಾತ್ರಾ ಕಡೆ ತೂಗಿದರೆ ಕೆಟ್ಟದ್ದು. ಇದಕ್ಕೆ ಈಕ್ವಿನೂ ಎಂದು ಹೆಸರಿಟ್ಟರು. 1997ರಲ್ಲಿ ಎಲ್ ನಿನೊ ಕೆಡುಕು ಬಗೆದರೂ ತಕ್ಕಡಿ ನಮ್ಮ ಪರ ಇತ್ತು. 2002ರಲ್ಲಿ ಎರಡೂ ಕೈ ಜೋಡಿಸಿದವು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ದೊಡ್ಡ ಬರ, ದೊಡ್ಡ ಮಳೆಯ ವರ್ಷಗಳು ಚೆನ್ನಾಗಿ ಬಿಡಿಸಿ ಬರುತ್ತವೆ. ಆದರೆ ಆ ತಕ್ಕಡಿ ಮುಂದೆ ಯಾವ ಕಡೆ ವಾಲುತ್ತದೆ ಎಂದು ತಿಂಗಳುಗಳ ಮೊದಲೇ ಹೇಳುವುದು ಕಷ್ಟ. ಸಿಕ್ಕಷ್ಟೇ ಹೇಳಿ ಸಿಗದ್ದನ್ನು ಸಿಗಲಿಲ್ಲ ಎನ್ನುವ ರೀತಿ ಅವರದು. ರವಿ ನಂಜುಂಡಯ್ಯ, ಎಂ. ರಾಜೀವನ್ ಜೊತೆ 2005ರಲ್ಲಿ ಅವರು ಬರೆದ ಒಂದು ಲೇಖನದ ತಲೆಬರಹವೇ ಮುಂಗಾರಿನ ಮುನ್ಸೂಚನೆ ಮತ್ತೆ ಯಾಕೆ ಸೋತಿತು ಎಂಬ ಅರ್ಥದ್ದು. ಕಂಪ್ಯೂಟರ್ ಮಾದರಿಗಳ ಮೇಲೂ ಅಷ್ಟೇ ಗಟ್ಟಿ ಕಣ್ಣು. 1998ರಲ್ಲಿ ಸಜನಿ ಅವರ ಜೊತೆ ಲೋಕದ ಹಲವು ಮಾದರಿಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರು. ಕೆಲವು ಪಟ್ಟಿಯನ್ನು ನೆಲದ ಮೇಲೆ ತಂದಿದ್ದವು, ಕೆಲವು ಸಮುದ್ರದ ಮೇಲೇ ಬಿಟ್ಟಿದ್ದವು.

ಇಷ್ಟಾದರೆ ದೊಡ್ಡ ವಿಜ್ಞಾನಿ ಎಂದು ಕೈ ಮುಗಿದು ಮುಗಿಸಬಹುದಿತ್ತು. ನನಗೆ ಆಕೆ ಹತ್ತಿರವಾದದ್ದು ಶೇಂಗಾದಿಂದ.

ಪಾವಗಡ, ಅನಂತಪುರದ ಸೀಮೆ ನಮ್ಮಂಥದ್ದೇ ಮಳೆಯಾಶ್ರಿತ, ಮಣ್ಣು ಮಾತ್ರ ಕೆಂಪು. ಗಾಡ್ಗೀಳ್ ಅವರು ಪಿ.ಆರ್. ಶೇಷಗಿರಿ ರಾವ್, ಕೆ. ನರಹರಿ ರಾವ್ ಅವರನ್ನು ಕೂಡಿಕೊಂಡು ಅಲ್ಲಿನ ಶೇಂಗಾ ರೈತರ ಜೊತೆ ಕೂತರು. ಎಲ್ಲರೂ ವಿಜ್ಞಾನಿ ಹೇಳುವುದನ್ನು ರೈತ ಕೇಳಬೇಕು ಎನ್ನುತ್ತಾರೆ. ಇಲ್ಲಿ ಪ್ರಶ್ನೆ ರೈತರದ್ದು: ಯಾವಾಗ ಬಿತ್ತಬೇಕು? ಅದಕ್ಕೆ ಮಾತ್ರ ಖರ್ಚಿಲ್ಲ ನೋಡಿ. ಗೊಬ್ಬರಕ್ಕೆ ದುಡ್ಡು ಬೇಕು, ಔಷಧಕ್ಕೆ ದುಡ್ಡು ಬೇಕು, ಬಿತ್ತುವ ದಿನ ಬದಲಿಸಲು ದುಡ್ಡು ಬೇಡ.

ಹಳಬರ ಅನುಭವ ಇದೆಯಲ್ಲ ಎಂದು ನಾವು ಹೇಳುತ್ತೇವೆ. ಇಲ್ಲಿ ಗಾಡ್ಗೀಳರ ಉತ್ತರ ನನ್ನನ್ನು ತಡೆದು ನಿಲ್ಲಿಸಿತು. ಹಳಬರ ಅನುಭವ ಹಳೆಯ ಬೆಳೆಗಳದು, ನವಣೆ, ಸಜ್ಜೆ, ಅಕ್ಕಡಿ ಸಾಲುಗಳದು. ಎಪ್ಪತ್ತರ ದಶಕದಿಂದ ಈಚೆಗೆ ಹೊಲ ತುಂಬ ಶೇಂಗಾ ಒಂದೇ ಆಯಿತು. ಈ ಬೆಳೆಗೆ ಅಜ್ಜನ ಕಾಲದ ಲೆಕ್ಕವೇ ಇಲ್ಲ. "ರೋಹಿಣಿ ಮಳೆಯಾದರೆ ಓಣಿಯೆಲ್ಲಾ ಜೋಳ" ಎನ್ನುತ್ತದೆ ಗಾದೆ, ಸೋಯಾಬೀನ್ ಎನ್ನುವುದಿಲ್ಲ. ಹಾಗಾಗಿ ದಶಕಗಳ ದಿನವಹಿ ಮಳೆಯನ್ನು ಶೇಂಗಾ ಬೆಳೆಯ ಕಂಪ್ಯೂಟರ್ ಮಾದರಿಗೆ ಹಾಕಿ, ಈ ದಿನ ಬಿತ್ತಿದ್ದರೆ ಏನಾಗುತ್ತಿತ್ತು, ಆ ದಿನ ಬಿತ್ತಿದ್ದರೆ ಏನಾಗುತ್ತಿತ್ತು ಎಂದು ವರ್ಷ ವರ್ಷ ನೋಡಿದರು. ಕಾಯಿ ತುಂಬುವ ಹೊತ್ತಿಗೆ ಮಳೆ ಕಟ್ಟಿದರೆ ಗತಿಯೇನು ಎಂಬುದೇ ತಿರುಳು. ಒಣ ದಿನಗಳಲ್ಲಿ ಸುರುಳಿ ಪೂಚಿ ಎಂಬ ಹುಳು, ಹಸಿ ದಿನಗಳಲ್ಲಿ ಎಲೆ ಚುಕ್ಕೆ ರೋಗ. ರೈತರು ಹೇಳಿದ ಇದನ್ನೂ ಲೆಕ್ಕಕ್ಕೆ ಸೇರಿಸಿದರು.

ಇದರ ಮುಂದುವರಿಕೆಯಂತೆ 2006ರಲ್ಲಿ ತಾಯಿ ಮಗ ಸೇರಿ ಬರೆದ ಇನ್ನೊಂದು ಲೇಖನ. ದೊಡ್ಡ ಬರ ಬಂದರೆ ದೇಶದ ಒಟ್ಟು ಉತ್ಪನ್ನಕ್ಕೆ ಶೇ 2ರಿಂದ 5ರಷ್ಟು ಪೆಟ್ಟು. ಆರ್ಥಿಕತೆಯಲ್ಲಿ ಒಕ್ಕಲುತನದ ಪಾಲು ಇಷ್ಟು ಇಳಿದರೂ ಆ ಪೆಟ್ಟು ಇಳಿದಿಲ್ಲ. ಇನ್ನೊಂದು ಮಾತು ಅದಕ್ಕಿಂತ ಖಾರ. ಮಳೆ ಕೈಕೊಟ್ಟಾಗ ಆಗುವ ನಷ್ಟದಷ್ಟು ಲಾಭ, ಮಳೆ ಚೆನ್ನಾದಾಗ ಆಗುವುದಿಲ್ಲ. ಯಾಕೆ? ಮಳೆ ಬಂದೇ ಬರುತ್ತದೆ ಎಂಬ ಖಾತ್ರಿ ಇಲ್ಲದ ಒಣ ಬೇಸಾಯದವನು ಗೊಬ್ಬರ, ಔಷಧಕ್ಕೆ ಕೈ ಹಾಕುವುದಿಲ್ಲ. ಹಾಕಿದರೂ ಸಿಗುವ ಬೆಲೆಗೆ ಹೊಂದುವುದಿಲ್ಲ. ಒಳ್ಳೆ ಮಳೆ ಬಂದರೆ ಅದು ಅರ್ಧ ಖಾಲಿ ಹೊಲದ ಮೇಲೆ ಬಿದ್ದು ಹೋಗುತ್ತದೆ. ಇದನ್ನು ನನ್ನ ತಮ್ಮನಿಗೆ ಓದಿ ಹೇಳಿದೆ. "ಇದನ್ನ ಹೇಳಾಕ ಹಾರ್ವರ್ಡಿಗೆ ಹೋಗಬೇಕಿತ್ತೇನು?" ಎಂದ. ಸ್ವಲ್ಪ ತಡೆದು, "ಹೇಳಿದ್ರಲ್ಲ, ಅಷ್ಟು ಸಾಕು" ಎಂದ.

ಅವರ ಪ್ರಭಾವ ಎಂದು ಪಟ್ಟಿ ಮಾಡಲು ಹೋಗುವುದಿಲ್ಲ. ಅವರ ಜೊತೆ ಬರೆದವರು ಈಗ ದೇಶದ ಹವಾಮಾನ, ಸಾಗರ ಸಂಶೋಧನೆಯಲ್ಲಿ ಹಿರಿಯರು. ನನಗೆ ಮೆಚ್ಚುಗೆಯಾದದ್ದು ಬೇರೆ. 2018ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಮತ್ತೆ ಅದೇ ಹಳೇ ಜಗಳಕ್ಕೆ ಬಂದು ಒಂದು ದೀರ್ಘ ಪ್ರಬಂಧ ಬರೆದರು: ಮುಂಗಾರು ಎಂದರೆ ಕಡಲ ಗಾಳಿಯೋ, ಮೋಡದ ಪಟ್ಟಿಯೋ? ಮೊದಲ ಪ್ರಬಂಧ ಬಂದು 38 ವರ್ಷವಾಗಿತ್ತು. ಅಷ್ಟೂ ವರ್ಷ ನಾನು ಮತ್ತು ನನ್ನಂಥವರು ಬೋರ್ಡಿನ ಮೇಲೆ ಹ್ಯಾಲಿಯ ಚಿತ್ರ ಬರೆಯುತ್ತಲೇ ಇದ್ದೆವು.

ಮಾತು ಮುಗಿದ ಮೇಲೆ ಬಬಲೇಶ್ವರ ಕಡೆಯ ಹಿರಿಯರೊಬ್ಬರು ಎದ್ದರು. ಎಂಬತ್ತರ ಹತ್ತಿರದವರು.

"ಅಕ್ಕೋರೇ, ಎಲ್ಲಾ ಛಲೋ ಆತು. ಈ ಸಲ ಹಿಂಗಾರಿ ಜೋಳ ಯಾವಾಗ ಬಿತ್ತೂಣ್ರಿ?"

"ಯಜಮಾನ್ರೇ, ಅದನ್ನ ನಾ ಹೇಳಿದ್ರ ತಪ್ಪಾಗ್ತದ. ಯಾವ ವರ್ಷ ಯಾವ ಮಳಿಗೆ ಬಿತ್ತಿದ್ರಿ, ಎಷ್ಟು ಬೆಳೀತು, ಎಲ್ಲ್ಯಾರೆ ಬರದಿಟ್ಟೀರೇನು?"

"ಬರದೀನ್ರಿ" ಎಂದರು. ಸಭೆ ನಕ್ಕಿತು. ಅವರು ನಗಲಿಲ್ಲ. ಅಂಗಿಯ ಕಿಸೆಯಿಂದ ಮಡಚಿದ ಕ್ಯಾಲೆಂಡರ್ ಹಾಳೆಯೊಂದನ್ನು ತೆಗೆದರು. ಹಿಂದುಗಡೆ ಪೆನ್ಸಿಲ್ ಅಕ್ಷರ. "ಹುಬ್ಬಿ, ನಾಲ್ಕು ಬೆರಳು ಹಸಿ. ಉತ್ತರಿ, ಒಂದು ಗೇಣು ಹಸಿ, ಕೂರಿಗಿ ಹೂಡಿದೆ." ಮಿಲಿಮೀಟರ್ ಇಲ್ಲ. ನೆಲ ಅಗೆದು ಹಸಿ ಎಷ್ಟು ಆಳ ಇಳಿದಿದೆ ಎಂದು ಬೆರಳಲ್ಲಿ ಅಳೆದದ್ದು. ಕೊನೆಯ ಸಾಲಿನಲ್ಲಿ ಎಷ್ಟು ಚೀಲ ಬಂತು ಎಂದಿತ್ತು. 1981ರಿಂದ ಬರೆಯುತ್ತಿದ್ದಾರಂತೆ.

"ಎಲ್ಲಾ ವರ್ಷದ್ದೂ ಅದಾವೇನ್ರಿ?"

"ಕೈಯಾಗ ಹನ್ನೊಂದು ಅದಾವ್ರಿ. ಉಳದದ್ದು ನಮ್ಮಾಕಿ ಟ್ರಂಕಿನ್ಯಾಗ ಹಾಸ್ಯಾಳ. ಮ್ಯಾಲ ಸೀರಿ ಅದಾವ."

ಮುಂದಿನ ಭಾನುವಾರ ಬರುತ್ತೇನೆ ಎಂದೆ, ಫೋಟೊ ತೆಗೆದುಕೊಂಡು ಹಾಳೆಗಳನ್ನು ಹಾಗೇ ಹಾಸಿ ಬರುತ್ತೇನೆ ಎಂದೆ. ಸ್ವಲ್ಪ ಯೋಚಿಸಿದರು.

"ಸೋಮವಾರ ಬರ್ರಿ. ಆಕಿ ಸಂತಿಗೆ ಹೋಗಿರ್ತಾಳ."